ಹಿಂದುಮುಂದಾದ ಹೆಜ್ಜೆ

"ಗುರುಗಳೇ, ಮಠಕ್ಕೆ ಹೊಸದಾಗಿ ಬಂದ ಅಡುಗೆಯವನು ಒಳ್ಳೆಯವನಲ್ಲ ಎನಿಸುತ್ತದೆ. ಯಾರೊಡನೆಯೂ ಮಾತಿಲ್ಲ. ಉಣ್ಣುವಾಗ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಎಂಟು ದಿನದಿಂದ ಅವನ ಬೆನ್ನ ಹಿಂದೆಯೇ ಇದ್ದೇನೆ. ಅವನು ನಿಜವಾಗಿ ಎಂಥವನೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹುಡುಗಿಯ ಪಕ್ಕದ ಮನೆಗೆ ಒಬ್ಬ ಮುದುಕ ಹೆಂಡತಿಯೊಡನೆ ಬಂದು ಸೇರಿದ. ದಿನಾ ನಸುಕಿನಲ್ಲಿ ಅವರ ಬೇಲಿಯಾಚೆ ಗರಗರ ಸದ್ದು. ರಾಕ್ಷಸ ಹಲ್ಲು ಕಡಿಯುತ್ತಿದ್ದಾನೆಂದು ಹುಡುಗಿ ತಲೆತುಂಬ ಕಂಬಳಿ ಎಳೆದುಕೊಳ್ಳುತ್ತಿದ್ದಳು. ಬೆಳಕು ಹರಿದ ಮೇಲೆ ಓಣಿಗೆ ಹೋಗಿ ಧೂಳಿನಲ್ಲಿ ಮೂಡಿದ ಹೆಜ್ಜೆ ನೋಡುತ್ತಿದ್ದಳು. ಎಲ್ಲ ಹೆಜ್ಜೆಗಳ ಬೆರಳೂ ಮುದುಕನ ಮನೆಯ ಕಡೆಗೇ. ಹೊರಗೆ ಹೋದ ಹೆಜ್ಜೆ ಒಂದೂ ಇಲ್ಲ. ರಾಕ್ಷಸರ ಪಾದ ಹಿಂದುಮುಂದಾಗಿರುತ್ತದೆ ಎಂದು ಅಜ್ಜಿ ಹೇಳಿದ್ದಳು. ಇನ್ನೇನು ಬೇಕು? ಪಾಪ, ಅವಳ ತರ್ಕ ನಮ್ಮ ಪಂಡಿತರ ತರ್ಕಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಒಂದು ದಿನ ನಸುಕಿನಲ್ಲಿ ಅವಳ ಮುದ್ದಿನ ಆಡಿನ ಮರಿ ಚುಕ್ಕಿ ಹಗ್ಗ ಹರಿದುಕೊಂಡು ಓಣಿಗೆ ಓಡಿತು. ಅತ್ತ ಗರಗರ ಸದ್ದು ಶುರುವಾಗಿತ್ತು. ಹುಡುಗಿ ಕಂಬಳಿಗೆ ಕೈ ಹಾಕಿದಳು. ಆದರೂ ಮರಿಯ ಹಿಂದೆ ಓಡಿದಳು.

ಓಣಿಯಲ್ಲಿ ಮುದುಕ ಹಗ್ಗ ಹೊಸೆಯುತ್ತಿದ್ದ. ಅದೇ ಅವನ ಕಸುಬು. ಹೆಂಡತಿ ಅಂಗಳದಲ್ಲಿ ಕೂತು ಹಗ್ಗಕ್ಕೆ ಹುರಿ ಕೊಡುವ ರಾಟೆಯನ್ನು ಗರಗರನೆ ತಿರುಗಿಸುತ್ತಿದ್ದಳು. ಮುದುಕ ಸೊಂಟಕ್ಕೆ ಸುತ್ತಿಕೊಂಡ ನಾರನ್ನು ಎಳೆಯೆಳೆಯಾಗಿ ಬಿಡುತ್ತಾ, ಹಗ್ಗದ ಮೇಲೆ ಕಣ್ಣಿಟ್ಟು, ಮನೆಯ ಕಡೆಗೇ ಮುಖ ಮಾಡಿ ಹಿಂದಹಿಂದಕ್ಕೆ ನಡೆದು ಬರುತ್ತಿದ್ದ. ಬಿಸಿಲೇರಿ ನಾರಿನ ತೇವ ಆರುವ ಮೊದಲೇ ಮುಗಿಯಬೇಕಾದ ಕೆಲಸ. ಅವನ ಬೆನ್ನ ಹಿಂದೆ, ಮೂರೇ ಅಡಿ ದೂರದಲ್ಲಿ, ಚುಕ್ಕಿ ಕಾಲು ಚಾಚಿ ಮಲಗಿತ್ತು.

"ನಿಲ್ಲು!" ಎಂದು ಹುಡುಗಿ ಚೀರಿದಳು.

ಮುದುಕ ಗಕ್ಕನೆ ನಿಂತ. ಕೈಯಲ್ಲಿನ ನಾರು ಬಿಡುವಂತಿರಲಿಲ್ಲ, ಹಾಗಾಗಿ ತಿರುಗಲಿಲ್ಲ. ಹುಡುಗಿ ಮರಿಯನ್ನು ಬಾಚಿ ಎದೆಗವಚಿಕೊಂಡಳು. ಓಡಿಹೋಗಬಹುದಿತ್ತು, ಹೋಗಲಿಲ್ಲ.

"ಅಜ್ಜಾ, ನೀನು ರಾಕ್ಷಸನಾ?"

"ಯಾರಿಗೆ ಗೊತ್ತು ಪುಟ್ಟೀ! ನನ್ನ ಬೆನ್ನು ನನಗೆ ಕಾಣೋದಿಲ್ಲ. ನೀನು ಅಲ್ಲೇ ಇದ್ದೀಯಲ್ಲ, ಚೆನ್ನಾಗಿ ನೋಡಿ ನೀನೇ ಹೇಳು."

ಹುಡುಗಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಪಾದ ಎಲ್ಲರ ಪಾದದ ಹಾಗೇ ಇತ್ತು. ಹಿಮ್ಮಡಿ ಮಾತ್ರ ಬಿರುಕು ಬಿಟ್ಟಿತ್ತು.

"ಅಜ್ಜಾ, ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿದೆ. ತೆಗೀಲಾ?"

ಅಂದು ಚುಕ್ಕಿಗೆ ಹೊಸ ಹಗ್ಗ ಸಿಕ್ಕಿತು. ಮರುದಿನದಿಂದ ಹುಡುಗಿ, ಮುದುಕ ಕಾಲಿಡುವ ಮುಂಚೆ ಓಣಿಯ ಮುಳ್ಳು ಆರಿಸುತ್ತಾ, ಅವನ ಹಿಮ್ಮಡಿಯ ಮೇಲೆ ಕಣ್ಣಿಟ್ಟು, ತಾನೂ ಹಿಂದಹಿಂದಕ್ಕೆ ನಡೆಯತೊಡಗಿದಳು. ಧೂಳಿನಲ್ಲಿ ದೊಡ್ಡ ಹೆಜ್ಜೆಗಳ ಜೊತೆ ಪುಟ್ಟ ಹೆಜ್ಜೆಗಳೂ ಮೂಡಿದವು. ಮೇಲಿನ ಕೇರಿಯ ಮಕ್ಕಳು ಅದನ್ನು ಕಂಡು, ರಾಕ್ಷಸರು ಒಬ್ಬರಲ್ಲ, ಇಬ್ಬರು ಎಂದು ಕಂಬಳಿ ಎಳೆದುಕೊಂಡರು.

ಶಿಷ್ಯ ಗಟ್ಟಿಯಾಗಿ ನಕ್ಕುಬಿಟ್ಟ. ಅವನ ನಗು ಮುಗಿಯುವವರೆಗೆ ಗುರುಗಳು ಕಾದರು.

"ನೀನು ಎಂಟು ದಿನ ಅಡುಗೆಯವನ ಬೆನ್ನ ಹಿಂದೆಯೇ ಇದ್ದೆಯಲ್ಲ ಮಗೂ, ಮುಳ್ಳು ಎಲ್ಲಿ ಚುಚ್ಚಿದೆ ಎಂದು ಕಂಡಿತೇ?"