ಗಣಪನ ಮುಂದಿನ ಬಲ್ಬು

ಮೂರನೆಯ ದಿನವೂ ಬೆಳಗ್ಗೆ ಕಾರು ಸ್ಟಾರ್ಟ್ ಆಗದಿದ್ದಾಗ ಬ್ಯಾಟರಿಗೆ ನಾಚಿಕೆಯಾಯಿತು. ಡ್ಯಾಶ್‌ಬೋರ್ಡಿನ ಗಣಪನ ಮುಂದಿದ್ದ ಪುಟ್ಟ ಬಲ್ಬನ್ನು ಅದು ಅಂಗಲಾಚಿತು: “ತಾಯೀ, ಕಾರು ನಿಂತಾಗಲಾದರೂ ಆರಬಾರದೆ? ನೀನು ರಾತ್ರಿಯಿಡೀ ಉರಿದರೆ ಎಂಜಿನ್ ಎಬ್ಬಿಸಲು ನನ್ನಲ್ಲೇನು ಉಳಿಯುತ್ತದೆ?”

“ದೇವರ ಮುಂದಿನ ದೀಪ ಆರಬೇಕೆ? ನಿನಗೆ ಭಕ್ತಿ ಸಾಲದು,” ಎಂದಿತು ಬಲ್ಬು.

ಮೆಕ್ಯಾನಿಕ್ ಬಂದು, ಮೀಟರ್ ಇಟ್ಟು, ಒಂದೊಂದೇ ಫ್ಯೂಸ್ ಕಿತ್ತು ನೋಡಿದ. “ರಾಯರೇ, ಕರೆಂಟ್ ತಿನ್ನುತ್ತಿರೋದು ಈ ಬಲ್ಬು. ಇದಕ್ಕೊಂದು ಸ್ವಿಚ್ ಹಾಕಿಬಿಡ್ಲಾ?”

ಕಾರಿನ ಮಾಲೀಕ ವೆಂಕೋಬರಾಯರು ಕೆನ್ನೆ ಬಡಿದುಕೊಂಡರು. “ಬಿಡ್ತು ಅನ್ನಪ್ಪ! ದೇವರ ದೀಪ ಆರಿಸೋದುಂಟೇ? ಬ್ಯಾಟರೀನೇ ಬದಲಾಯಿಸು.”

ಗುಜರಿಗೆ ಹೊರಟ ಹಳೆಯ ಬ್ಯಾಟರಿ ಕೊನೆಯದಾಗಿ ಹಿಂತಿರುಗಿ ನೋಡಿತು. ಹೊಸದಾದರೂ ಬಾಳಿಕೆ ಬರಲೆಂದು ರಾಯರು ಗಣಪನ ಮುಂದೆ ಇನ್ನೊಂದು ಬಲ್ಬು ಹಾಕಿಸುತ್ತಿದ್ದರು.