ಚಪ್ಪಾಳೆಗೆ ಏಳದ ಮೊಲ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಗೋಡೆಗೆ ಒರಗಿ, ಬೇಕಿದ್ದರೆ ಕಾಲೂ ಚಾಚಿ, ನಾನೇನೂ ಅನ್ನೋದಿಲ್ಲ. ಕೈಯಲ್ಲಿರೋ ಕೆಲಸ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇದು ಮೊಲದ ಕಥೆ. ನಡುನಡುವೆ ಗದ್ದಲ ಮಾಡಬೇಡಿ ಮತ್ತೆ, ಮೊಲಕ್ಕೆ ಕಿವಿ ದೊಡ್ಡದು.

ಗಾದ್ರಯ್ಯ ಅಂತ ಒಬ್ಬನಿದ್ದ. ಕತ್ತಾಳೆ ಕೊಯ್ದು, ನಾರು ತೆಗೆದು ಹಗ್ಗ ಹೊಸೆಯೋದು ಅವನ ಕಸುಬು. ಮದುವೆಯಾಗಿ ಆರು ವರ್ಷಕ್ಕೆ ಅವನ ಹೆಂಡತಿ ಬೊಮ್ಮಕ್ಕ ಬಸುರಿಯಾದಳು.

ಐದನೇ ತಿಂಗಳಲ್ಲಿ ಅವಳಿಗೆ ಬಯಕೆ ಹತ್ತಿತು. ಹುಣಸೆಕಾಯಲ್ಲ, ಮಾವಿನಕಾಯಲ್ಲ. ಮೊಲದ ಸಾರು.

"ಚಿಕ್ಕೋಳಿದ್ದಾಗ ನಮ್ಮಪ್ಪ ತರ್ತಿದ್ದ," ಅಂದಳು. "ಈಗ ನಾಲಿಗೆ ಅದನ್ನೇ ಕೇಳ್ತದೆ. ಸಿಗದಿದ್ರೆ ಬಿಡಿ."

ಕೊಡಿ ಅಂತ ಹಟ ಮಾಡಿದ್ದರೆ ಅವನು ಸುಮ್ಮನಿರುತ್ತಿದ್ದನೋ ಏನೋ. 'ಸಿಗದಿದ್ರೆ ಬಿಡಿ' ಅಂದಳಲ್ಲ, ಅದು ಒಳಗೆ ಕೂತುಬಿಟ್ಟಿತು. ಬಸುರಿ ಬಯಸಿದ್ದು ಬಾಯಿಗೆ ಬೀಳದಿದ್ದರೆ ಹುಟ್ಟೋ ಕೂಸಿನ ಕಿವಿ ಸೋರುತ್ತೆ ಅಂತ ಆ ಕಡೆ ಒಂದು ನಂಬಿಕೆ. ಆರು ವರ್ಷ ಕಾದು ಬಂದ ಕೂಸು ಅದು.

ಗುಡ್ಡದ ಬುಡದ ಗುಡಿಸಲಲ್ಲಿ ಓಬಜ್ಜ ಇದ್ದ. ಮೊಲದ ಬೇಟೆಯಲ್ಲಿ ಅವನ ಸಮ ಇನ್ನೊಬ್ಬನಿಲ್ಲ. ಗಾದ್ರಯ್ಯ ಹೋಗಿ ಕಾಲಿಗೆ ಬಿದ್ದ.

"ಅಜ್ಜ, ಮೊಲ ಹೊಡೆಯೋದು ಕಲಿಸು."

ಅಜ್ಜ ಅವನ ಪಾದ ನೋಡಿದ.

"ಲೇ, ನೀನು ಹಗ್ಗದೋನಲ್ಲೇನೋ? ಹುಟ್ಟಿದಾಗಿಂದ ಹಿಂದಕ್ಕೆ ನಡೆದೋನು."

ಹೌದು ಮತ್ತೆ. ಹಗ್ಗ ಹೊಸೆಯುವವನು ನಾರು ಕೊಡುತ್ತಾ ಕೊಡುತ್ತಾ ಹೆಜ್ಜೆ ಹೆಜ್ಜೆ ಹಿಂದಕ್ಕೆ ಹೋಗಬೇಕು. ಹಗ್ಗ ಉದ್ದವಾದಷ್ಟೂ ಅವನು ಹಿಂದೆ.

"ಮುಂದಕ್ಕೆ ನಡೆಯೋದು ಕಲೀತೀನಿ ಅಜ್ಜ."

"ನಡೆಯೋದು ಆಮೇಲೆ. ಮೊದಲು ಕೂರೋದು ಕಲಿ."

ಹಳ್ಳದ ದಂಡೆಯ ಕಾರೆ ಪೊದೆಯ ಮಗ್ಗುಲಲ್ಲಿ ಅವನನ್ನು ಕೂರಿಸಿ ಅಜ್ಜ ಹೊರಟುಹೋದ. ಸಂಜೆ ಬಂದು ಕೇಳಿದ.

"ಏನು ಕಂಡೆ?"

"ಏನೂ ಇಲ್ಲ ಅಜ್ಜ. ಇರುವೆ ಕಚ್ಚಿದ್ದು ಬಿಟ್ಟರೆ."

"ಹಂಗಾದ್ರೆ ಮೊಲಗಳೆಲ್ಲ ನಿನ್ನ ಕಂಡವು."

ಹೀಗೆ ಹತ್ತು ದಿನ. ಹನ್ನೊಂದನೇ ದಿನ ಒಂದು ಮೊಲ ಅವನಿಂದ ಮೂರು ಮಾರು ದೂರದಲ್ಲಿ ಬಂದು ಕೂತು, ಮುಂಗಾಲಲ್ಲಿ ಮುಖ ತೊಳೆದುಕೊಂಡು ಹೋಯಿತು. ಗಾದ್ರಯ್ಯ ಉಸಿರು ಬಿಗಿಹಿಡಿದು ನೋಡಿದ. ಸಂಜೆ ಅಜ್ಜನ ಮುಂದೆ ಅದನ್ನು ಹೇಳುವಾಗ ತಾನೂ ಮುಖ ಒರೆಸಿಕೊಂಡು ತೋರಿಸಿದ. ಅಜ್ಜ ನಕ್ಕು ಅವನ ಕೈಗೆ ಬಡಿಗೆ ಕೊಟ್ಟ. ಮೊಳಕ್ಕಿಂತ ಸ್ವಲ್ಪ ಉದ್ದ, ತುದಿಯಲ್ಲಿ ಗಂಟು, ಬೀಸಿ ಎಸೆಯುವಂಥದ್ದು.

ಗಾಳಿಗೆ ಎದುರಾಗಿ ಹೋಗಬೇಕು ಅಂದ. ಅಂಗಾಲಿನ ಹೊರ ಅಂಚು ಮೊದಲು ಊರಬೇಕು ಅಂದ. ಮೊಲದ ಕಣ್ಣಲ್ಲಿ ಕಣ್ಣಿಡಬೇಡ, ಅದರ ಪಕ್ಕದ ಹುಲ್ಲು ನೋಡು ಅಂದ.

ಕೊನೆಗೆ ಒಂದು ಮಾತು ಹೇಳಿದ.

"ಹಗಲು ಹೊತ್ತು ಮೊಲ ಹುಲ್ಲಿನ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು ಕೂತಿರುತ್ತೆ. ನೀನು ಹತ್ತಿರ ಹೋದರೂ ಅಲ್ಲಾಡಲ್ಲ. ಆಗ ನಿಂತು ಒಂದು ಸಲ ಚಪ್ಪಾಳೆ ತಟ್ಟು. ಎದ್ದು ಓಡಿದರೆ ಬಡಿಗೆ ಬೀಸು. ಏಳದಿದ್ದರೆ ಬಿಟ್ಟು ಬಾ."

"ಕೂತ ಮೊಲವೇ ಸುಲಭ ಅಲ್ಲೇನಜ್ಜ?"

"ಬಲು ಸುಲಭ."

"ಮತ್ತೆ ಯಾಕೆ ಬಿಡೋದು?"

"ಯಾಕೆ ಕೂತಿದ್ದೀಯ ಅಂತ ಅದನ್ನೇ ಕೇಳು. ಹೇಳಿದರೆ ಬಂದು ನನಗೂ ಹೇಳು."

ಗಾದ್ರಯ್ಯ ನಕ್ಕ. ಮುದುಕರ ಮಾತು ಅಂದುಕೊಂಡ.

ಮೊದಲ ಸಲ ಚಪ್ಪಾಳೆ ತಟ್ಟಿದ, ಮೊಲ ಎದ್ದಿತು. ಅವನು ಬಡಿಗೆ ಎತ್ತುವಷ್ಟರಲ್ಲಿ ಅದು ಆ ಕಡೆ ದಿಬ್ಬದ ಮೇಲಿತ್ತು. ಎರಡನೇ ಸಲ ಬಡಿಗೆ ಹೋಗಿ ಕಲ್ಲಿಗೆ ಬಿತ್ತು. ಮೂರನೇ ಸಲ ಚಪ್ಪಾಳೆಯ ಸದ್ದಿಗೆ ಅವನೇ ಬೆಚ್ಚಿದ.

ದಿನಾ ಬರಿಗೈಲಿ ಮನೆಗೆ. ಬೊಮ್ಮಕ್ಕ ಅವನ ಕೈ ನೋಡುತ್ತಿರಲಿಲ್ಲ, ಮುಖ ನೋಡಿ ನೀರು ಕೊಡುತ್ತಿದ್ದಳು.

"ಇವತ್ತೂ ಮೊಲವೇ ಗೆದ್ದಿತಾ?" ಅನ್ನುವಳು.

"ಇವತ್ತೂ ಅದೇ."

"ನೀವು ಹಗ್ಗ ಹಿಡ್ಕೊಂಡು ಹೋಗ್ರಿ. ಅಯ್ಯೋ ಪಾಪ ಅಂತ ಅದೇ ಬಂದು ಕಟ್ಟಿಸ್ಕೊಳ್ತದೆ."

ಇಬ್ಬರೂ ನಗುವರು. ಆದರೆ ಏಳನೇ ತಿಂಗಳು ತುಂಬಿತು. ಬೊಮ್ಮಕ್ಕನ ಕೆನ್ನೆ ಒಳಕ್ಕೆ ಹೋಗಿತ್ತು, ತಿಂದದ್ದು ನಿಲ್ಲುತ್ತಿರಲಿಲ್ಲ. ಅವಳೊಂದು ದಿನ ಮುದ್ದೆಯ ತಟ್ಟೆ ದೂರ ಸರಿಸಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅದನ್ನು ನೋಡಿಕೊಂಡೇ ಗಾದ್ರಯ್ಯ ಬಡಿಗೆ ಹಿಡಿದು ಹೊರಟ.

ಬಿಸಿಲು ಇಳಿಯುತ್ತಿತ್ತು. ಹಳ್ಳದ ಆಚೆ ಬಂಡೆಯ ಪಕ್ಕ ಬಾದೆ ಹುಲ್ಲಿನ ಬುಡ. ಅಲ್ಲಿ ಒಂದು ಮೊಲ. ಕಿವಿ ಬೆನ್ನಿಗೆ ಒತ್ತಿ, ಹೊಟ್ಟೆ ನೆಲಕ್ಕೆ ಒತ್ತಿ ಕೂತಿತ್ತು. ಅವನು ಎರಡು ಹೆಜ್ಜೆ ಹೋದ, ಏಳಲಿಲ್ಲ. ಮತ್ತೆರಡು ಹೋದ. ಅದರ ಮೂಗು ಮಾತ್ರ ಅದುರುತ್ತಿತ್ತು.

ಚಪ್ಪಾಳೆ ತಟ್ಟಬೇಕು. ತಟ್ಟಿದರೆ ಓಡುತ್ತೆ. ಓಡಿದರೆ ಇವತ್ತೂ ಬರಿಗೈ.

ಒಂದು ಕೈಯಲ್ಲಿ ಬಡಿಗೆ ಇತ್ತು. ಇನ್ನೊಂದು ಕೈ ಸುಮ್ಮನೆ ಜೋತುಬಿದ್ದಿತ್ತು.

ಅವನು ಹೊಡೆದ.

ಮೊದಲ ಬೇಟೆಯನ್ನು ಗುರುವಿನ ಹೊಸಿಲ ಮೇಲೆ ಇಡಬೇಕು, ಅವನು ಎತ್ತಿ ನೋಡಿ ಹಿಂದಕ್ಕೆ ಕೊಡಬೇಕು, ಒಂದು ತೊಡೆ ಅವನ ಪಾಲು. ಅದು ಅವರಲ್ಲಿ ಪದ್ಧತಿ. ಗಾದ್ರಯ್ಯ ತಂದು ಇಟ್ಟ. ಓಬಜ್ಜ ಕಿವಿ ಹಿಡಿದು ಎತ್ತಿದ. ನೆತ್ತಿ ನೋಡಿದ, ಹೊಟ್ಟೆ ಮೇಲೆ ಕೈಯಾಡಿಸಿದ. ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡ.

"ಚಪ್ಪಾಳೆ ತಟ್ಟಿದೆಯಾ?"

"ತಟ್ಟಿದೆ ಅಜ್ಜ."

"ಎದ್ದು ಓಡಿತಾ?"

"ಓಡಿತು."

ಅಜ್ಜ ಅವನ ಮುಖ ನೋಡುತ್ತಾ ನಿಂತ. ಗಾದ್ರಯ್ಯ ಮೊಲದ ಪಕ್ಕದ ನೆಲ ನೋಡಿದ.

"ತಗೊಂಡು ಹೋಗು," ಅಂದ ಅಜ್ಜ.

"ನಿನ್ನ ಪಾಲು, ಅಜ್ಜ?"

"ನನಗೆ ಹಲ್ಲು ನೋವು."

ಗಾದ್ರಯ್ಯ ಮನೆಗೆ ಓಡಿದ. ಬೊಮ್ಮಕ್ಕ ಒಲೆ ಮುಂದೆ ಕೂತು ತಾನೇ ಚರ್ಮ ಸುಲಿದಳು, ತಾನೇ ಮಸಾಲೆ ಅರೆದಳು. ಅವನು ಬಾಗಿಲಲ್ಲಿ ನಿಂತು, ಮೊಲ ಹೇಗೆ ಹಾರಿತು, ತಾನು ಹೇಗೆ ಬಡಿಗೆ ಬೀಸಿದೆ ಅಂತ ಕೈ ಆಡಿಸಿ ಆಡಿಸಿ ಹೇಳಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಲೆ ಊದಿದಳು. ಊಟಕ್ಕೆ ಕೂತಾಗ ಎರಡು ತುತ್ತು ತಿಂದು ಕೈ ತೊಳೆದುಬಿಟ್ಟಳು.

"ಯಾಕೆ, ರುಚಿ ಇಲ್ವಾ?"

"ಇದೆ. ಹೊಟ್ಟೆ ತುಂಬ್ತು. ನೀವು ಊಟ ಮಾಡಿ."

ಮಾರನೇ ದಿನ ಅವನು ಅಜ್ಜನ ಹತ್ತಿರ ಹೋದ. ಅಜ್ಜ ಬಡಿಗೆಗೆ ಎಣ್ಣೆ ಸವರುತ್ತಾ ಕೂತಿದ್ದ.

"ಏನಾದರೂ ಹೇಳೋಕೆ ಬಂದೆಯಾ?"

"ಇಲ್ಲ ಅಜ್ಜ. ಸುಮ್ಮನೆ ಬಂದೆ."

"ಸರಿ, ಕೂತ್ಕೋ."

ಇಬ್ಬರೂ ಕೂತರು. ಅಜ್ಜ ಮತ್ತೆ ಎಣ್ಣೆಗೆ ಬೆರಳದ್ದಿದ. ಅದರ ಮಾರನೇ ದಿನವೂ ಹಾಗೇ ಆಯಿತು. ನಾಲ್ಕು ಸಲ ಗಾದ್ರಯ್ಯನ ಬಾಯಿಗೆ ಮಾತು ಬಂತು, ನಾಲ್ಕು ಸಲವೂ ಅವನು ಎಲೆ ಅಡಿಕೆ ಹಾಕಿಕೊಂಡ. ಒಂದು ಮೊಲ ತಾನೇ, ಚಪ್ಪಾಳೆ ತಟ್ಟಿದರೇನು ಬಿಟ್ಟರೇನು, ಇಷ್ಟಕ್ಕೇ ಗುರುವಿನ ಮನಸ್ಸು ಯಾಕೆ ಮುರಿಯಲಿ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೂರನೇ ದಿನ ಬೆಳಿಗ್ಗೆ ಬೊಮ್ಮಕ್ಕ ಎದ್ದು ಕೂತು ಎರಡೂ ಕೈ ಹೊಟ್ಟೆ ಮೇಲಿಟ್ಟುಕೊಂಡಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಸುಲಿಯೋವಾಗ ಕೈಗೆ ಹಾಲು ಹತ್ತಿತು."

"ಹಾಲಾ?"

"ಮೊಲೆ ತುಂಬಾ ಹಾಲಿತ್ತು ಕಣ್ರಿ. ನೀವು ಅಷ್ಟು ಖುಷಿಯಾಗಿ ಕತೆ ಹೇಳ್ತಿದ್ರಿ. ನನಗೆ ಬಾಯಿ ಬರಲಿಲ್ಲ. ಅವತ್ತೇ ಹೇಳಬೇಕಿತ್ತು."

ಗಾದ್ರಯ್ಯ ಚಪ್ಪಲಿ ಮೆಟ್ಟಲಿಲ್ಲ. ಗುಡ್ಡದ ತನಕ ಓಡಿದ. ಅಜ್ಜ ಬಾಗಿಲಲ್ಲೇ ನಿಂತಿದ್ದ.

"ಅಜ್ಜ, ಅದು ಓಡಲಿಲ್ಲ. ನಾನು ಚಪ್ಪಾಳೆ ತಟ್ಟಲಿಲ್ಲ."

"ಎಲ್ಲಿ?" ಅಂದ ಅಜ್ಜ. ಟವೆಲ್ ಹೆಗಲಿಗೆ ಹಾಕಿಕೊಂಡು ಇವನಿಗಿಂತ ಮುಂದೆ ನಡೆದ.

ದಾರಿಯಲ್ಲಿ ಗಾದ್ರಯ್ಯ ಕೇಳಿದ. "ಮರಿಗಳು ಅಲ್ಲೇ ಇರ್ತವಾ ಅಜ್ಜ? ಹುಡುಕ್ಕೊಂಡು ಎಲ್ಲಾದರೂ ಹೋಗಿರ್ತವೇನೋ."

"ಎಲ್ಲೂ ಹೋಗಲ್ಲ. ಮೊಲದ ಮರಿಗೆ ದಿನಕ್ಕೆ ಒಂದೇ ಸಲ ಹಾಲು, ಹೊತ್ತು ಮುಳುಗುವಾಗ. ಮಿಕ್ಕ ಹೊತ್ತೆಲ್ಲ ಅಲ್ಲಾಡದೆ ಕಾಯ್ತವೆ. ಕಾಯೋದೊಂದೇ ಅವಕ್ಕೆ ಗೊತ್ತು."

ಬಂಡೆಯ ಹತ್ತಿರ ಹೋದರು. ಬಾದೆ ಹುಲ್ಲಿನ ಮುಂದೆ ಅಜ್ಜ ನಿಂತು ಒಂದು ಸಲ ಚಪ್ಪಾಳೆ ತಟ್ಟಿದ.

ಏನೂ ಏಳಲಿಲ್ಲ.

ಅಜ್ಜ ಮಂಡಿಯೂರಿ ಹುಲ್ಲು ಸರಿಸಿದ. ಒಂದಕ್ಕೊಂದು ಒತ್ತಿಕೊಂಡು ಮೂರು ಮರಿಗಳಿದ್ದವು. ಎರಡಕ್ಕೆ ಇರುವೆ ಮುತ್ತಿತ್ತು. ನಡುವಿನದು ಉಸಿರಾಡುತ್ತಿತ್ತು. ಗಾದ್ರಯ್ಯ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡ. ಅದಕ್ಕೆ ತೂಕವೇ ಇರಲಿಲ್ಲ.

ಅಜ್ಜ ಎರಡು ಸಣ್ಣ ಗುಂಡಿ ತೋಡಿ ಮಣ್ಣು ಮುಚ್ಚಿ, ಮೇಲೆ ಕಲ್ಲಿಟ್ಟ. ಗುಡಿಸಲಿಗೆ ಬಂದು ಮೇಕೆ ಹಾಲಲ್ಲಿ ಬತ್ತಿ ಅದ್ದಿ ಮರಿಯ ಬಾಯಿಗಿಟ್ಟರು. ಮೊದಲು ಚೀಪಿತು. ಗಾದ್ರಯ್ಯನ ಮುಖ ಅರಳಿತು.

"ಉಳಿಯುತ್ತೆ ಅಜ್ಜ. ನೋಡು, ಚೀಪ್ತಿದೆ."

"ಹೂಂ."

"ನಿನ್ನೆ ಬಂದಿದ್ರೆ ಮೂರೂ ಉಳೀತಿದ್ದವಾ?"

ಅಜ್ಜ ಬತ್ತಿಯನ್ನು ಮತ್ತೆ ಹಾಲಿಗೆ ಅದ್ದಿದ.

ನಡು ಮಧ್ಯಾಹ್ನಕ್ಕೆ ಮರಿ ಚೀಪೋದು ನಿಲ್ಲಿಸಿತು. ಗಾದ್ರಯ್ಯ ಅದನ್ನು ಕೆಳಗಿಡಲಿಲ್ಲ, ಸಂಜೆಯ ತನಕ ಹಾಗೇ ಬೊಗಸೆ ಹಿಡಿದು ಕೂತಿದ್ದ. ಹೊತ್ತು ಮುಳುಗುವಾಗ ಅಜ್ಜ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಇಷ್ಟೇ ನಡೆದದ್ದು. ಮುಂದೆ ಯಾರ್ಯಾರು ಏನಾದರು ಅಂತ ಕೇಳ್ತೀರಲ್ಲ, ಅದನ್ನೂ ಹೇಳಿಬಿಡ್ತೀನಿ.

ಬೊಮ್ಮಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಕಿವಿ ಸೋರಲಿಲ್ಲ, ಏನೂ ಇಲ್ಲ. ಗುಂಡಗೆ ಬೆಳೆದು ಹಳ್ಳದಾಚೆ ಊರಿಗೆ ಸೊಸೆಯಾಗಿ ಹೋದಳು. ಬೊಮ್ಮಕ್ಕ ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು, ಆದರೆ ಆಮೇಲೆ ಯಾವ ಬಯಕೆಯನ್ನೂ ಬಾಯಿಬಿಟ್ಟು ಹೇಳಲಿಲ್ಲ. ಏನು ಬೇಕು ಅಂತ ಗಂಡ ಕೇಳಿದರೆ, ಇರೋದೇ ಸಾಕು ಅನ್ನುವಳು. ಅವನು ಮತ್ತೆ ಕೇಳುತ್ತಿರಲಿಲ್ಲ.

ಗಾದ್ರಯ್ಯ ಮತ್ತೆ ಬಡಿಗೆ ಹಿಡಿಯಲಿಲ್ಲ. ಹಗ್ಗಕ್ಕೇ ಮರಳಿದ. ಕತ್ತಾಳೆ ಕೊಯ್ಯೋಕೆ ಹೋದಾಗ ಪ್ರತಿ ಮೆಳೆಯ ಮುಂದೆಯೂ ನಿಂತು, ಒಂದು ಸಲ ಚಪ್ಪಾಳೆ ತಟ್ಟಿ, ಸ್ವಲ್ಪ ಕಾದು, ಆಮೇಲೆ ಕುಡುಗೋಲು ಹಾಕುವನು. ದನ ಕಾಯುವವರು ನಗುತ್ತಿದ್ದರು.

"ಏನು ಗಾದ್ರಣ್ಣ, ಕತ್ತಾಳೆಗೂ ಭಜನೆಯಾ?"

"ಹೌದಪ್ಪ," ಅನ್ನುವನು. "ತಾಳ ತಪ್ಪಿತ್ತು ಒಂದು ಸಲ."

ಓಬಜ್ಜ ತನ್ನ ಬಡಿಗೆಯನ್ನು ಸೂರಿಗೆ ಸಿಕ್ಕಿಸಿದ. ಅವತ್ತಿನಿಂದ ಯಾರು ಬಂದು ಕಾಲಿಗೆ ಬಿದ್ದರೂ ಶಿಷ್ಯ ಅಂತ ಒಬ್ಬನನ್ನೂ ತಗೊಳ್ಳಲಿಲ್ಲ. ಗಾದ್ರಯ್ಯನ ಮೇಲಿನ ಸಿಟ್ಟು ಅಂತ ಊರು ಅಂದಿತು. ಗಾದ್ರಯ್ಯನೂ ಹಾಗೇ ಅಂದುಕೊಂಡು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡಿದ.

ಅಜ್ಜ ಹಾಸಿಗೆ ಹಿಡಿದಾಗ, ಅವನ ಮಂಚದ ಹಗ್ಗ ಸಡಿಲಾಗಿ ಬೆನ್ನು ನೆಲಕ್ಕೆ ತಾಗುತ್ತಿತ್ತು. ಗಾದ್ರಯ್ಯ ಹೊಸ ಹಗ್ಗ ಹೊಸೆದು ತಂದ. ಅಜ್ಜನನ್ನು ಎತ್ತಿ ಚಾಪೆ ಮೇಲೆ ಮಲಗಿಸಿ, ಮಂಚ ಬಿಗಿದು, ಮತ್ತೆ ಮೇಲೆ ಮಲಗಿಸಿದ. ಆಮೇಲೆ ಕಾಲ ಬಳಿ ಕೂತು ಕೇಳಿದ.

"ಅಜ್ಜ, ಅವತ್ತು ಮೊಲ ಹೊಸಿಲ ಮೇಲೆ ಇಟ್ಟಾಗಲೇ ನಿನಗೆ ಗೊತ್ತಾಗಿತ್ತಾ?"

"ಎತ್ತಿದ ತಕ್ಷಣ ಗೊತ್ತಾಯಿತು. ಹೊಟ್ಟೆಯ ಕೂದಲು ಹಾಲಿಗೆ ಒದ್ದೆ ಆಗಿತ್ತು. ಪೆಟ್ಟು ನೆತ್ತಿ ಮೇಲಿತ್ತು, ಓಡೋ ಮೊಲಕ್ಕೆ ಅಲ್ಲಿ ಬೀಳಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನೇ ಬಾಯಿಬಿಟ್ಟು ಹೇಳಲಿ ಅಂತ ಕಾದೆ. ಹಾಗೆ ಹೇಳಿದರೆ ಪಾಠ ಗಟ್ಟಿಯಾಗಿ ನಿಲ್ಲುತ್ತೆ ಅಂದುಕೊಂಡೆ." ಅಜ್ಜ ಸೂರು ನೋಡಿದ. "ನಾನು ಪಾಠ ಹೇಳ್ತಾ ಕೂತೆ. ಅಲ್ಲಿ ಅವು ಹಾಲಿಗೆ ಕಾಯ್ತಾ ಕೂತವು."

"ತಪ್ಪು ನನ್ನದು ಅಜ್ಜ. ತಟ್ಟದೆ ಹೊಡೆದೋನು ನಾನು."

ಅಜ್ಜ ಅವನ ಅಂಗೈಯನ್ನು ಎಳೆದುಕೊಂಡು, ಅದರ ಮೇಲೆ ತನ್ನ ಅಂಗೈ ಇಟ್ಟ. ಸದ್ದಾಗಲಿಲ್ಲ.

"ನೀನು ಒಂದು ಸಲ ತಟ್ಟಲಿಲ್ಲ, ಗಾದ್ರಿ. ನಾನು ಮೂರು ದಿನ ತಟ್ಟಲಿಲ್ಲ."