ತವರುಬಿಲ್ಲಿನ ಗುಡ್ಡ

ಕಾರೆಹಟ್ಟಿಯಿಂದ ಮೂಡಲಿಗೆ ಕುರುಚಲು ಕಾಡು ದಾಟಿದರೆ ಸಿಗುವ ಬೋಳುಗುಡ್ಡಕ್ಕೆ ತವರುಬಿಲ್ಲಿನ ಗುಡ್ಡ ಎಂದು ಹೆಸರು. ವನವಾಸದಲ್ಲಿ ಶ್ರೀರಾಮನು ಇಲ್ಲಿ ತನ್ನ ಬಿಲ್ಲನ್ನು ಒರಗಿಸಿಟ್ಟಿದ್ದನೆಂದು ಬುಡದಲ್ಲಿ ಯಾರೋ ನೆಡಿಸಿದ ಫಲಕ ಹೇಳುತ್ತದೆ. ನಮ್ಮ ಸೀಮೆಯಲ್ಲಿ ರಾಮ ದಣಿವಾರಿಸಿಕೊಳ್ಳದ ಗುಡ್ಡವೇ ಇಲ್ಲವಾದ್ದರಿಂದ ಯಾರೂ ತಕರಾರು ತೆಗೆದಿಲ್ಲ. ಆದರೆ ಗಂಡಸಿಗೆ ಎಲ್ಲಿಯ ತವರು ಎಂದು ಕೇಳಿದರೆ ಫಲಕದ ಬಳಿ ಉತ್ತರವಿಲ್ಲ. ಹಟ್ಟಿಯ ಹೆಂಗಸರ ಬಳಿ ಇದೆ. ಅವರು ನೆತ್ತಿಯ ಬಂಡೆಯಲ್ಲಿರುವ ಎರಡು ಗೀರುಗಳನ್ನು ತೋರಿಸಿ ಮಾತು ಶುರುಮಾಡುತ್ತಾರೆ.

ಪಾಳೆಯಗಾರರಿಗೂ ಹಿಂದೆ ಒಮ್ಮೆ, ಈ ಹಟ್ಟಿಯಲ್ಲಿ ಬಿಲ್ಲು ಕೆತ್ತುವ ಕಾಟಯ್ಯ ಎಂಬವನಿದ್ದನಂತೆ. ಅವನ ತಂಗಿ ಪಾಲಮ್ಮನನ್ನು ಗುಡ್ಡದ ಆಚೆಯ ಹಟ್ಟಿಗೆ ಕೊಟ್ಟಿತ್ತು. ಅವಳ ಗಂಡ ಬಂಡೆಯಿಂದ ಜಾರಿ ಸೊಂಟ ಮುರಿದುಕೊಂಡು ಮಲಗಿದ. ಕುರಿಹಿಂಡು ಅವಳ ಪಾಲಿಗೆ ಬಂತು. ಹಿಂಡಿನ ಹಿಂದೆಯೇ ತೋಳವೂ ಬಂತು. ಆ ವರ್ಷ ಹಬ್ಬಕ್ಕೆ ತವರಿಗೆ ಬಂದವಳು, "ಸೀರೆ ಬ್ಯಾಡಣ್ಣ, ಬಿಲ್ಲು ಕೊಡು" ಎಂದಳು. ಹೆಣ್ಣಿಗೆ ಬಿಲ್ಲು ಉಡುಗೊರೆ ಕೊಡುವ ಪದ್ಧತಿ ಇರಲಿಲ್ಲ. ಆದರೂ ಕಾಟಯ್ಯ ಒಪ್ಪಿದ. ನೆತ್ತಿಯ ಮೇಲೆ ಕೂತು, ಮರ ಕೆತ್ತುವ ಬಾಚಿಯನ್ನು ಬಂಡೆಗೆ ಮಸೆಯುತ್ತ, ತಡಸಲು ಮರದ ಬಿಲ್ಲು ಕೆತ್ತಿದ. ತಂಗಿಯ ಭುಜ ನೋಯಬಾರದೆಂದು ಇನ್ನಷ್ಟು ಕೆತ್ತಿದ. ಮತ್ತೆ ಮಸೆದ, ಮತ್ತಷ್ಟು ತೆಳ್ಳಗೆ ಮಾಡಿದ. ಕತ್ತಾಳೆ ನಾರಿನ ಹೆದೆ ಕಟ್ಟಿ, ಅರಿಸಿನ ಹಚ್ಚಿ ಕೊಟ್ಟ ಆ ಬಿಲ್ಲು ನೋಡಲು ಬಲು ಚೆಂದವಿತ್ತು ಎನ್ನುತ್ತಾರೆ. ಪಾಲಮ್ಮನ ಗುರಿಯೂ ತಪ್ಪಲಿಲ್ಲ. ಬಾಣ ನೆಟ್ಟಗೆ ಹೋಗಿ ತೋಳದ ಪಕ್ಕೆಗೆ ತಾಗಿತು, ನಾಟದೆ ಕೆಳಗೆ ಬಿತ್ತು. ತೋಳ ಒಮ್ಮೆ ತಿರುಗಿ ನೋಡಿ, ಬಾಯಲ್ಲಿ ಮರಿಯನ್ನು ಕಚ್ಚಿಕೊಂಡು ನಡೆದುಹೋಯಿತು. ಓಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಗಂಡನ ದಾಯಾದಿಗಳು ಇದಕ್ಕೇ ಕಾದಿದ್ದರು. ಇನ್ನೊಂದು ಮರಿ ಹೋದರೆ ಹಿಂಡನ್ನು ತಾವೇ ಹೊಡೆದುಕೊಂಡು ಹೋಗುವುದಾಗಿ ಸಾರಿದರು. ಹಾಗಾದರೆ ಪಾಲಮ್ಮನಿಗೆ ಉಳಿಯುವುದು ಅವರ ಮನೆಯ ಬೀಸುಕಲ್ಲು. ಅವಳು ಸೀದಾ ಗುಡ್ಡ ಹತ್ತಿ ಅಣ್ಣನ ಮುಂದೆ ಬಿಲ್ಲು ಇಟ್ಟಳು. "ತಗಾ, ತೊಟ್ಟಿಲ ಮ್ಯಾಲೆ ಕಟ್ಟು. ಕೂಸು ನೋಡಿ ನಗ್ತೈತೆ."

ಕಾಟಯ್ಯ ಎದ್ದು ಮನೆಗೆ ಹೋದ. ಅಟ್ಟದ ಮೇಲೆ, ಒಲೆಯ ಹೊಗೆ ಕುಡಿದು ವರ್ಷಗಟ್ಟಲೆ ಮಾಗಿದ ತಡಸಲು ಕೊರಡೊಂದಿತ್ತು. ಊರಿಗೆಲ್ಲ ಬಿಲ್ಲು ಕೊಟ್ಟವನು ತನಗೆಂದು ಎತ್ತಿಟ್ಟುಕೊಂಡದ್ದು ಅದೊಂದನ್ನೇ. ಅದನ್ನು ನೆತ್ತಿಗೆ ತಂದು, ಬಂಡೆಯ ಬೇರೊಂದು ಕಡೆ ಬಾಚಿ ಮಸೆದು, ಈ ಸಲ ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡ. ಅವನು ಕೆತ್ತಿ ಕೊಡುವುದು, ಅವಳು ಎಳೆದು ನೋಡಿ ಹಿಂದಕ್ಕೆ ಕೊಡುವುದು. ಕೆತ್ತನೆ ಅರ್ಧವೂ ಆಗಿಲ್ಲವೆಂದು ಅವನಿಗೆ ತೋರುವಾಗಲೇ ಅವಳು ಬಾಚಿಗೆ ಕೈ ಅಡ್ಡ ಹಿಡಿದಳು.

"ಸಾಕು, ನಿಲ್ಸು."

"ಇನ್ನೂ ಬಿಗಿ ಐತೆ ಕಣವ್ವ, ಭುಜ ನೋಯ್ತೈತೆ."

"ನೋಯ್ಲಿ ಬಿಡು. ಹಿಂಡು ಹೋದ್ರೆ ನೋಯೋದು ಭುಜ ಅಲ್ಲ."

ತೋಳ ಮತ್ತೆ ಹಟ್ಟಿಯ ಕಡೆ ಬರಲಿಲ್ಲ ಎನ್ನುತ್ತಾರೆ. ಬಂದಿತ್ತು, ಹಿಂದಿರುಗಲಿಲ್ಲ ಎನ್ನುವವರೂ ಇದ್ದಾರೆ. ದಾಯಾದಿಗಳು ಬಂದರಂತೆ, ತೋಳದ ತೊಗಲು ನೋಡಿಕೊಂಡು, ಮಜ್ಜಿಗೆ ಕುಡಿದು ಹೋದರಂತೆ.

ಇಂದಿಗೂ ಮದುವೆಯಾದ ಹೆಣ್ಣನ್ನು ಮೊದಲ ಹಬ್ಬಕ್ಕೆ ಕರೆತಂದಾಗ ಅಣ್ಣನೋ ತಮ್ಮನೋ ಇಲ್ಲಿಗೆ ಕರೆದುಕೊಂಡು ಬಂದು, ತಡಸಲು ಕಡ್ಡಿಯಲ್ಲಿ ಪುಟ್ಟ ಬಿಲ್ಲೊಂದನ್ನು ಕೆತ್ತಿ ಬಂಡೆಯ ಮೇಲಿಡುತ್ತಾನೆ. ಅವಳು ಸಾಕು ಎಂದ ಮೇಲೆ ಒಂದು ಚಕ್ಕೆಯನ್ನೂ ತೆಗೆಯುವಂತಿಲ್ಲ. ಗುಡ್ಡ ಹತ್ತಿದವರು ಬಾಚಿ ಮಸೆದ ಆ ಎರಡು ಗೀರುಗಳನ್ನು ನೋಡಬಹುದು. ಒಂದು ಬೊಗಸೆ ನೀರು ನಿಲ್ಲುವಷ್ಟು ಆಳ, ಇನ್ನೊಂದು ಬೆರಳಿಗೆ ಸಿಕ್ಕೂ ಸಿಗದಷ್ಟು ತೆಳು. ಹೊಸಬರು ಆಳವಾದ ಗೀರಿಗೇ ಕೈಮುಗಿಯುತ್ತಾರೆ. ಹಟ್ಟಿಯವರು ಕುಂಕುಮ ಇಡುವುದು ಇನ್ನೊಂದಕ್ಕೆ.